ಕರಡಿ ಮಾತಾಡಬಾರದು

ಕರಡಿಯ ತಲೆಯೊಳಗೆ ಗಾಳಿ ಬರಲು ಇದ್ದದ್ದು ಒಂದೇ ತೂತು, ಅದರ ಬಾಯಿ. ಆ ಬಾಯಿಗೂ ಕಪ್ಪು ಬಲೆ ಹೊಲಿದಿದ್ದರು. ಉಸಿರಾಡುವುದೂ ಅದರಿಂದಲೇ, ನೋಡುವುದೂ ಅದರಿಂದಲೇ. ಮೇಲಿದ್ದ ದೊಡ್ಡ ಕಣ್ಣುಗಳು ಬರೀ ಪ್ಲಾಸ್ಟಿಕ್ಕು. ಅವು ಬೆಳಗಿನಿಂದ ಸಂಜೆಯತನಕ ನಗುತ್ತಿದ್ದವು. ಒಳಗಿದ್ದವನ ಕಣ್ಣಿಗೆ ಬೆವರಿಳಿದು ಉರಿಯುತ್ತಿತ್ತು. ಒರೆಸಿಕೊಳ್ಳೋಣವೆಂದರೆ ಕೈ ಅವನದಲ್ಲ, ಕರಡಿಯದು.

ಒಳಗಿದ್ದವನಿಗೆ ಐವತ್ತು ದಾಟಿತ್ತು. ಮೀಸೆ ಮೂಡುವ ಕಾಲಕ್ಕೆ ಕಂಪನಿಯ ಪ್ಯಾಕಿಂಗ್ ಶೆಡ್ಡಿಗೆ ಸೇರಿದವನು. ಈಗ ಮೀಸೆ ಬೆಳ್ಳಗಾಗಿತ್ತು. ಫ್ಯಾನು, ಇಸ್ತ್ರಿಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರ ಮಾಡುವ ಕಂಪನಿ ಅದು. ಯಂತ್ರಗಳನ್ನು ಡಬ್ಬಕ್ಕೆ ತುಂಬಿ, ಟೇಪು ಹಚ್ಚಿ, ಪಟ್ಟಿ ಬಿಗಿದು, ಲಾರಿಗೆ ಏರಿಸುವುದು ಶೆಡ್ಡಿನ ಕೆಲಸ. ಅಗಲ ಎದೆಯ ಆಳು ಎಂದು ಜೊತೆಯವರು ಅವನಿಗೆ ಗೋಡೆ ಎಂದು ಹೆಸರಿಟ್ಟಿದ್ದರು. ವಯಸ್ಸಾದ ಮೇಲೆ ಗೋಡೆಯಣ್ಣ ಆದ.

ಒಂದು ದಿನ ಶೆಡ್ಡಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ, ನಾಳೆಯಿಂದ ಬರಬೇಡಿ ಎಂದರು. ಗೋಡೆಯಣ್ಣನೊಬ್ಬನನ್ನು ಉಳಿಸಿಕೊಂಡರು. ಅವನ ಕೆಲಸ ನೋಡಿ ಅಲ್ಲ, ಮುಖ ನೋಡಿಯೂ ಅಲ್ಲ. ಎತ್ತರ ನೋಡಿ. ಪೆಟ್ಟಿಗೆಯನ್ನು ಅಪ್ಪಿಕೊಂಡ ಕರಡಿ ಆ ಕಂಪನಿಯ ಗುರುತು. ಕಾಲೇಜುಗಳಿಗೆ ಹೋಗಿ ಹುಡುಗರನ್ನು ತರಬೇತಿಗೆ ಕರೆಯುವಾಗ ಜೊತೆಗೊಂದು ಕರಡಿ ಬೇಕಿತ್ತು. ಮೊದಲಿದ್ದ ಕರಡಿ ಬಿಸಿಲಿಗೆ ತಲೆಸುತ್ತಿ ಬಿದ್ದು ಆಸ್ಪತ್ರೆ ಸೇರಿತ್ತು. ಅದರ ವೇಷ ಇವನ ಮೈಗೆ ಸರಿಹೋಯಿತು. ಅಷ್ಟೇ.

ಕಾಲೇಜುಗಳಲ್ಲಿ ಭಾಷಣ ಮಾಡುವವಳನ್ನು ಎಲ್ಲರೂ ಮೈಕ್ ಮೇಡಂ ಎನ್ನುತ್ತಿದ್ದರು. ವೇಷ ಕೊಟ್ಟ ದಿನವೇ ಅವಳು ಕಟ್ಟಪ್ಪಣೆ ಮಾಡಿದ್ದಳು.

“ನೋಡಿ, ಕರಡಿ ಮಾತಾಡಬಾರದು. ಕರಡಿ ತಲೆ ತೆಗೀಬಾರದು. ಒಳಗೊಬ್ಬ ಮನುಷ್ಯ ಇದಾನೆ ಅಂತ ಮಕ್ಕಳಿಗೆ ಗೊತ್ತಾಗಬಾರದು.”

“ಕಾಲೇಜಿನವರಿಗೂ ಗೊತ್ತಾಗಲ್ವಾ ಮೇಡಂ? ಗಡ್ಡ ಬಂದಿರೋ ಮಕ್ಕಳು.”

“ಗೊತ್ತಾದರೂ ನೆನಪಾಗಬಾರದು. ತಬ್ಕೊಳ್ಳಿ, ಕುಣೀರಿ. ಅಷ್ಟು ಸಾಕು.”

ಮನೆಯಲ್ಲಿ ಅವನು ಬೇರೆಯೇ ಹೇಳಿದ್ದ. ಹೆಂಡತಿ ತೀರಿಕೊಂಡ ಮೇಲೆ ಅವನು ಇದ್ದದ್ದು ಗಂಡನಿಲ್ಲದ ತಂಗಿಯ ಜೊತೆ. ತಂಗಿ ಬಟ್ಟೆ ಹೊಲಿದು ಮಗಳನ್ನು ಓದಿಸುತ್ತಿದ್ದಳು. “ನನ್ನನ್ನ ಆಫೀಸಿಗೆ ಹಾಕಿದಾರೆ, ಕಾಲೇಜು ಹುಡುಗರ ವಿಭಾಗ” ಎಂದಿದ್ದ. ತಂಗಿ ಕಣ್ಣಲ್ಲಿ ನೀರು ತಂದುಕೊಂಡಳು. ಅಂದಿನಿಂದ ದಿನಾ ಬೆಳಿಗ್ಗೆ ಅಣ್ಣನ ಅಂಗಿಗೆ ಇಸ್ತ್ರಿ ಹಾಕಿಕೊಡುತ್ತಿದ್ದಳು. ಅವನು ಆ ಗರಿಗರಿ ಅಂಗಿಯನ್ನು ವ್ಯಾನಿನಲ್ಲಿ ಬಿಚ್ಚಿಟ್ಟು, ಒಳಚಡ್ಡಿ ಬನಿಯನ್ನಿನಲ್ಲಿ ಕರಡಿಯೊಳಗೆ ಇಳಿಯುತ್ತಿದ್ದ. ಬೆನ್ನ ಹಿಂದಿನ ಜಿಪ್ಪನ್ನು ಬೇರೆ ಯಾರಾದರೂ ಎಳೆಯಬೇಕು. ಒಳಗೆ ಇಳಿದವನು ತಾನಾಗಿ ಹೊರಗೆ ಬರುವಂತಿರಲಿಲ್ಲ.

ಅವತ್ತು ವ್ಯಾನು ಯಾವ ಕಾಲೇಜಿಗೆ ಹೋಗುತ್ತಿದೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಕರಡಿಗೆ ಯಾರು ಹೇಳುತ್ತಾರೆ? ವ್ಯಾನಿನ ಹಿಂಭಾಗಕ್ಕೆ ಕಿಟಕಿಯೂ ಇರಲಿಲ್ಲ. ತಲೆ ಹಾಕಿಸಿ, ಜಿಪ್ಪು ಎಳೆದು, ತೋಳು ಹಿಡಿದು ನಡೆಸಿಕೊಂಡು ಹೋಗಿ ಒಂದು ದೊಡ್ಡ ಹಾಲಿನಲ್ಲಿ ಬಿಟ್ಟರು.

ಹಾಲಿನ ತುಂಬ ಕಂಪನಿಗಳ ಮಳಿಗೆಗಳಿದ್ದವು. ಹೆಚ್ಚಿನವು ಆಗಲೇ ಬಾಗಿಲು ಹಾಕಿಕೊಂಡಿದ್ದವು. ಕರಡಿ ಕಂಪನಿಯ ಮಳಿಗೆಯಲ್ಲಿ ನೆಲಕ್ಕೆ ಹಸಿರು ರಬ್ಬರ್ ಹುಲ್ಲು, ಮೂಲೆಗೊಂದು ಉಯ್ಯಾಲೆ, ಕುಳಿತರೆ ಹೂತುಹೋಗುವ ಬಣ್ಣದ ಮೆತ್ತೆಗಳು. ಬಂದವರಿಗೆಲ್ಲ ತಂಪು ಪಾನೀಯ, ಕರಡಿ ಚಿತ್ರದ ಟೀಶರ್ಟು. ಗೋಡೆಯ ಮೇಲಿನ ಪರದೆಯಲ್ಲಿ ಹುಡುಗ ಹುಡುಗಿಯರು ಗಾಜಿನ ಕೋಣೆಯಲ್ಲಿ ನಗುತ್ತ ಚಿತ್ರ ಬರೆಯುತ್ತಿದ್ದರು. ಅವರ್ಯಾರೂ ಆ ಕಂಪನಿಯವರಲ್ಲ. ಆ ಗಾಜಿನ ಕೋಣೆಯನ್ನು ಗೋಡೆಯಣ್ಣ ಅಲ್ಲಿ ಯಾವತ್ತೂ ನೋಡಿರಲಿಲ್ಲ.

ಮೈಕ್ ಮೇಡಂ ಶುರು ಮಾಡಿದಳು.

“ಫ್ರೆಂಡ್ಸ್, ಬೇರೆ ಕಂಪನಿಗಳು ನಿಮ್ಮನ್ನ ಟ್ರೈನಿ ಅಂತಾವೆ. ಮೂಲೇಲಿ ಕೂರಿಸಿ ಕಾಫಿ ತರಿಸ್ತಾವೆ. ನಮ್ಮಲ್ಲಿ ಮೊದಲನೇ ದಿನದಿಂದ್ಲೇ ನೀವು ನಮ್ಮವರು! ನಿಮ್ಮ ಕೈಯಿಂದಾನೇ ಕೆಲಸ! ನಿಜವಾದ ಕೆಲಸ! ಇದು ಕಂಪನಿ ಅಲ್ಲ. ಏನು?”

“ಮನೆ!” ಎಂದು ಹುಡುಗರು ಕೂಗಿದರು.

“ಕೇಳಿಸ್ಲಿಲ್ಲ!”

“ಮನೆ!”

ಕರಡಿ ಕುಣಿಯಿತು. ಹುಡುಗರು ಸುತ್ತುವರಿದರು. ಒಬ್ಬ ಬಾಲ ಎಳೆದ. ಇನ್ನೊಬ್ಬ ಹೊಟ್ಟೆಗೆ ಗುದ್ದಿದ.

“ಏ ಕರಡಿ, ಸಂಬಳ ಎಷ್ಟು ಕೊಡ್ತಾರೋ?”

“ಜೇನುತುಪ್ಪ ಕೊಡ್ತಾರಂತೆ ಕಣೋ, ತಿಂಗಳಿಗೊಂದು ಡಬ್ಬ!”

“ಸ್ನಾನ ಮಾಡಿಸಲ್ವಂತೆ ಮಾತ್ರ. ಗಬ್ಬು ನಾರ್ತಿದೆ!”

ಎಲ್ಲರೂ ನಕ್ಕರು. ಕರಡಿಯ ಮುಖವೂ ನಗುತ್ತಲೇ ಇತ್ತು.

ನಿಜವಾದ ಕೆಲಸ ಎಂದಳಲ್ಲ, ಅದು ಸುಳ್ಳಲ್ಲ. ನಿಜವಾದ ಕೆಲಸವೇ. ಹೋದ ವರ್ಷ ಹೀಗೇ ಕರೆತಂದ ಹುಡುಗರನ್ನು ಕಂಪನಿ ನೇರ ಶೆಡ್ಡಿಗೆ ಕಳಿಸಿತ್ತು. ಯಂತ್ರದ ವಿನ್ಯಾಸ ಕಲಿಯಲು ಬಂದವರ ಕೈಗೆ ಟೇಪು ಕೊಟ್ಟಿತ್ತು. ಮೊದಲು ಶೆಡ್ಡಿನವರ ಪಕ್ಕದಲ್ಲಿ ನಿಲ್ಲಿಸಿದರು. ಪಾಪ, ಓದೋ ಮಕ್ಕಳು ಎಂದು ಶೆಡ್ಡಿನವರೇ ಅಕ್ಕರೆಯಿಂದ ಕಲಿಸಿದರು. ಕಲಿಸಿ ಮುಗಿದ ಮೇಲೆ ಕಂಪನಿ ಕಲಿಸಿದವರನ್ನು ಹೊರಗೆ ಹಾಕಿತು. ಸಂಬಳ ಕೇಳದ ಕೈಗಳು ಸಿಕ್ಕ ಮೇಲೆ ಸಂಬಳದ ಕೈಗಳು ಯಾರಿಗೆ ಬೇಕು?

ಆ ಹುಡುಗರಲ್ಲಿ ಒಬ್ಬ ಕನ್ನಡಕದವನಿದ್ದ. ಮಾತು ಕಡಿಮೆ. ಊಟದ ಹೊತ್ತಿನಲ್ಲಿ ಡಬ್ಬದ ರಟ್ಟಿನ ಮೇಲೆ ಏನೇನೋ ಗೆರೆ ಎಳೆಯುತ್ತಿದ್ದ. ಒಂದು ಮಧ್ಯಾಹ್ನ ನಿಂತಲ್ಲೇ ತೂಕಡಿಸಿದ. ಡಬ್ಬ ಸಾಗಿಸುವ ಬೆಲ್ಟಿನ ಉರುಳೆ ಅವನ ಕೈಯನ್ನು ಒಳಗೆಳೆದುಕೊಂಡಿತು. ಎತ್ತಿಕೊಂಡು ಹೊರಗೆ ಓಡಿದವನು ಗೋಡೆಯಣ್ಣ. “ಅಣ್ಣಾ, ನನ್ನ ಬೆರಳು ಇದಾವಾ ನೋಡಿ” ಎಂದು ಹುಡುಗ ದಾರಿಯುದ್ದಕ್ಕೂ ಕೇಳುತ್ತಿದ್ದ. ಗೋಡೆಯಣ್ಣ “ಇದಾವಪ್ಪ, ಇದಾವೆ” ಎಂದು ಸುಳ್ಳು ಹೇಳುತ್ತ ಓಡಿದ. ಆಮೇಲೆ ಹುಡುಗನ ತಾಯಿ ಗೇಟಿಗೆ ಬಂದು ಕುಳಿತಳು. ಆಫೀಸಿನವನೊಬ್ಬ ಹೊರಗೆ ಬಂದು ಮೆತ್ತಗೆ ಹೇಳಿದ, “ಪರಿಹಾರ ಇರೋದು ಕೆಲಸಗಾರರಿಗೆ ತಾಯಿ. ನಿಮ್ಮ ಮಗ ಕೆಲಸಗಾರ ಅಲ್ಲ, ಕಲಿಯೋನು.”

ಕರೆಯುವಾಗ ನಮ್ಮವರು. ಕೈ ಹೋದ ಮೇಲೆ ಕಲಿಯೋರು.

ಗೋಡೆಯಣ್ಣ ಅವತ್ತೂ ಸುಮ್ಮನಿದ್ದ. ಜೊತೆಯವರನ್ನು ಕಳಿಸಿದ ದಿನವೂ ಸುಮ್ಮನಿದ್ದ. ಈಗ ಮಾತಾಡಬಾರದು ಎಂಬುದೇ ಅವನ ಕೆಲಸವಾಗಿತ್ತು.

ಮೈಕ್ ಮೇಡಂ ಕಾಲೇಜಿನ ಉದ್ಯೋಗ ಮೇಷ್ಟ್ರನ್ನು ಪಕ್ಕಕ್ಕೆ ಕರೆದಳು. ಹುಡುಗರನ್ನು ಕಂಪನಿಗಳಿಗೆ ಹೊಂದಿಸುವುದು ಆ ಮೇಷ್ಟ್ರ ಕೆಲಸ.

“ಬಹುಮಾನ ತಗೊಂಡ ಆ ಹುಡುಗಿ ಎಲ್ಲಿ ಸರ್? ನನಗೆ ಅವಳೇ ಮೊದಲು ಬೇಕು. ಮೊದಲನೆಯವಳು ಬಂದ್ರೆ ಮಿಕ್ಕವರು ತಾವಾಗೇ ಹಿಂದೆ ಬರ್ತಾರೆ.”

“ಬರ್ತಿದಾಳೆ ಮೇಡಂ. ಅವಳ ಮನೆ ಸ್ಥಿತಿ ಅಷ್ಟಕ್ಕಷ್ಟೆ. ನೀವು ಕರೆದ್ರೆ ಬೇಡ ಅನ್ನಲ್ಲ.”

ಬಲೆಯ ಆಚೆ ಒಂದು ನೀಲಿ ಚೂಡಿದಾರ ಕಾಣಿಸಿತು. ತೋಳಿನ ಅಂಚಿಗೆ ಹಳದಿ ಬಟ್ಟೆಯ ತುಂಡು ಸೇರಿಸಿ ಹೊಲಿದದ್ದು. ಆ ಹಳದಿ ತುಂಡು ತಂಗಿಯ ಕತ್ತರಿಯಿಂದ ಬಿದ್ದು ಮನೆಯ ನೆಲದಲ್ಲಿ ಹೊರಳಾಡಿದ್ದನ್ನು ಗೋಡೆಯಣ್ಣ ನೋಡಿದ್ದ. 

ಅವಳು ತಂಗಿಯ ಮಗಳು. ಅವನ ಮರಿ. ಹುಟ್ಟಿದಾಗಿನಿಂದ ಅವನು ಅವಳನ್ನು ಹಾಗೇ ಕರೆಯುತ್ತಿದ್ದದ್ದು. ಹೊಲಿಗೆಯಂತ್ರ ತುಳಿದು ತಾಯಿಯ ಮೀನಖಂಡ ಊದುವುದನ್ನು ನೋಡಿ, ಕಾಲು ನೋಯದಂಥ ಬೇರೆ ತರಹದ ಪೆಡಲು ಮಾಡಿದ್ದಳು. ಅದಕ್ಕೇ ಕಾಲೇಜು ಬಹುಮಾನ ಕೊಟ್ಟದ್ದು.

ಮರಿ ನೇರ ಕರಡಿಯ ಹತ್ತಿರ ಬಂದಳು. ಎರಡೂ ಕೈ ಚಾಚಿ ತಬ್ಬಿಕೊಂಡಳು. ಗೆಳತಿ ಫೋಟೋ ತೆಗೆದಳು.

“ಎಷ್ಟು ಮೆತ್ತಗಿದೆ ಕಣೇ!” ಎಂದಳು ಮರಿ. ಆಮೇಲೆ ಮೈಕ್ ಮೇಡಂ ಕಡೆ ತಿರುಗಿ ನಾಚುತ್ತ, “ಮೇಡಂ, ನಮ್ಮ ಮಾವನೂ ನಿಮ್ಮ ಕಂಪನೀಲೇ ಇದಾರೆ. ಆಫೀಸಲ್ಲಿ. ಕಾಲೇಜು ಹುಡುಗರ ವಿಭಾಗ” ಎಂದಳು.

ಅಂಥ ವಿಭಾಗವೇ ಇರಲಿಲ್ಲ. ಮೈಕ್ ಮೇಡಂ ರೆಪ್ಪೆಯನ್ನೂ ಬಡಿಯಲಿಲ್ಲ. “ಹೌದಾ! ಗೊತ್ತು ಗೊತ್ತು, ತುಂಬಾ ಒಳ್ಳೆಯವರು. ಹಾಗಾದ್ರೆ ನೀನು ನಮ್ಮನೆ ಹುಡುಗಿನೇ ಆದೆ. ಬಾ, ಮೊದಲ ರುಜು ನಿಂದೇ ಆಗ್ಲಿ!”

ಮೇಜಿನ ಮೇಲೆ ಪೆನ್ನು ಸಿದ್ಧವಾಗಿತ್ತು.

ಕರಡಿ ಅವಳ ಮುಂದೆ ಅಡ್ಡ ಬಂದಿತು. ಎರಡೂ ಕೈ ಮೇಲೆತ್ತಿ ಬೇಡ ಬೇಡ ಎಂದು ಆಡಿಸಿತು. ತಲೆ ಅಲ್ಲಾಡಿಸಿತು. ಆ ದೊಡ್ಡ ಪಂಜಗಳಲ್ಲಿ ಬೆರಳು ತೋರಿಸುವಂತಿರಲಿಲ್ಲ, ಗದರಿಸುವಂತಿರಲಿಲ್ಲ. ಕೈ ಆಡಿಸಿದ್ದು ಕುಣಿತದಂತೆಯೇ ಕಂಡಿತು.

“ಓಹೋ, ಕರಡಿಯ ಹೊಸ ಸ್ಟೆಪ್ಪು!” ಮೈಕ್ ಮೇಡಂ ಕೂಗಿದಳು. “ಎಲ್ಲರೂ ಹಾಕಿ ನೋಡೋಣ!”

ಇಡೀ ಹಾಲು ಕೈ ಎತ್ತಿ ಬೇಡ ಬೇಡ ಎಂದು ಆಡಿಸಿತು. ತಲೆ ಅಲ್ಲಾಡಿಸಿತು. ಹಾಡು ಜೋರಾಯಿತು. ಮರಿಯೂ ನಗುತ್ತ ಕೈ ಆಡಿಸುತ್ತಲೇ ಮೇಜಿನ ಕಡೆ ಹೋದಳು. ಬಗ್ಗಿ ಪೆನ್ನು ತೆಗೆದುಕೊಂಡಳು.

ಗೋಡೆಯಣ್ಣ ಪಂಜಗಳನ್ನು ಗದ್ದದ ಕೆಳಗೆ ಕೊಟ್ಟು ಒಂದೇ ಏಟಿಗೆ ತಲೆಯನ್ನು ಮೇಲಕ್ಕೆತ್ತಿದ.

ಗಾಳಿ ಮುಖಕ್ಕೆ ಬಡಿಯಿತು. ನೆತ್ತಿಯ ಕೂದಲು ತೊಯ್ದು ಅಂಟಿಕೊಂಡಿತ್ತು. ಮೀಸೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಹಾಡು ನಿಂತಿತು. ಮರಿ ಪೆನ್ನು ಹಿಡಿದು ಹಾಗೇ ನಿಂತಳು.  

“ಮರಿ, ರುಜು ಹಾಕಬೇಡ.”

“ಮಾವ?”

“ಹಾಕಬೇಡ. ಇಲ್ಲಿ ವಿನ್ಯಾಸ ಇಲ್ಲ, ಮಣ್ಣೂ ಇಲ್ಲ. ಡಬ್ಬ ಹೊರಿಸ್ತಾರೆ. ನಿಂತೇ ತಿನ್ನಬೇಕು. ಉಚ್ಚೆಗೆ ಹೋಗೋಕೂ ಕೇಳಬೇಕು. ಒಬ್ಬ ಹುಡುಗನ ಬೆರಳು ಹೋಯ್ತು. ಈ ಕೈಯಲ್ಲಿ ಎತ್ಕೊಂಡು ಓಡಿದೀನಿ. ಅವನು ಕೆಲಸಗಾರ ಅಲ್ಲ ಅಂದುಬಿಟ್ರು. ಏನೂ ಕೊಡಲಿಲ್ಲ. ನಮ್ಮನ್ನೆಲ್ಲ ಹೊರಗೆ ಹಾಕಿ ನಿಮ್ಮನ್ನ ಪುಕ್ಕಟೆ ದುಡಿಸ್ತಾರೆ. ಕೇಳ್ರಪ್ಪ, ನಿಮಗೂ ಹೇಳ್ತಿದೀನಿ, ಎಲ್ಲರಿಗೂ ಹೇಳ್ತಿದೀನಿ. ಇದು ಮನೆ ಅಲ್ಲ. ಮನೇಲಿ ಯಾರೂ ಹಾಗೆ ಮಾಡಲ್ಲ.”

 ಇಷ್ಟು ಮಾತನ್ನು ಅವನು ಜನ್ಮದಲ್ಲಿ ಒಟ್ಟಿಗೆ ಆಡಿರಲಿಲ್ಲ. ಹಾಲಿನಲ್ಲಿ ಸದ್ದಿಲ್ಲ. ಒಂದು ಗಳಿಗೆ ಅವನಿಗೆ ಗೆದ್ದೆ ಎನ್ನಿಸಿತು.

ಆಗ ಚಪ್ಪಾಳೆ ಕೇಳಿಸಿತು. ಒಬ್ಬರದೇ ಚಪ್ಪಾಳೆ. ಮೈಕ್ ಮೇಡಂ ಮೈಕನ್ನು ಕಂಕುಳಲ್ಲಿ ಇಟ್ಟುಕೊಂಡು ತಟ್ಟುತ್ತಿದ್ದಳು.

“ನೋಡಿದ್ರಾ ಫ್ರೆಂಡ್ಸ್?” ಅವಳ ಕಣ್ಣಲ್ಲಿ ನೀರೂ ಇತ್ತು. “ಬೇರೆ ಯಾವ ಕಂಪನೀಲಿ ಒಬ್ಬ ಕರಡಿ ಎಲ್ಲರ ಎದುರಿಗೆ ನಿಂತು ಕಂಪನೀನ ಬಯ್ಯಬಹುದು ಹೇಳಿ? ನಮ್ಮಲ್ಲಿ ಬಯ್ಯಬಹುದು! ಹಿರಿಯರು ಮನೇಲಿ ಬಯ್ಯಲ್ವಾ? ಬಯ್ದಿದ್ದನ್ನ ಕೇಳಿಸ್ಕೊಂಡು ತಿದ್ಕೊಳ್ಳೋದೇ ಮನೆ! ಇವರಿಗೊಂದು ಜೋರಾದ ಚಪ್ಪಾಳೆ!”

ಹಾಲು ಚಪ್ಪಾಳೆಯಿಂದ ಹಾರಿಹೋಗುವಂತಾಯಿತು. ಹುಡುಗರು ಸೀಟಿ ಹೊಡೆದರು. ನೂರಾರು ಫೋನುಗಳು ಅವನ ಕಡೆ ತಿರುಗಿದವು. “ಸೂಪರ್ ಕರಡಿಯಣ್ಣ!” ಎಂದು ಯಾರೋ ಕೂಗಿದರು. ಇದೂ ಆಟದ ಒಂದು ಭಾಗವೆಂದು ಅರ್ಧ ಜನ ತಿಳಿದರು. ಉಳಿದರ್ಧಕ್ಕೆ ತಿಳಿಯುವ ಪುರಸೊತ್ತು ಇರಲಿಲ್ಲ.

ಉದ್ಯೋಗ ಮೇಷ್ಟ್ರು ಮರಿಯ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. “ಏನಮ್ಮ ನೋಡ್ತಿದೀಯ? ಇವತ್ತು ಕೊನೇ ದಿನ, ಇದು ಕೊನೇ ಕಂಪನಿ. ತರಬೇತಿ ಇಲ್ಲದೆ ಪರೀಕ್ಷೆಗೆ ಕೂರಿಸಲ್ಲ, ಗೊತ್ತಲ್ವಾ? ಆಮೇಲೆ ನಿಮ್ಮ ಮಾವ ಬಂದು ಪರೀಕ್ಷೆ ಬರೆಸ್ತಾರಾ?”

ಮರಿ ಮಾವನನ್ನು ನೋಡಿದಳು. ಮನುಷ್ಯನ ಮುಖ, ಕರಡಿಯ ಮೈ. ಅವಳು ಅಳುತ್ತಾಳೆ, ಬಯ್ಯುತ್ತಾಳೆ, ಓಡಿಹೋಗುತ್ತಾಳೆ ಎಂದುಕೊಂಡ ಗೋಡೆಯಣ್ಣ. ಅವಳು ಅದ್ಯಾವುದನ್ನೂ ಮಾಡಲಿಲ್ಲ. ಬಗ್ಗಿ ರುಜು ಹಾಕಿದಳು. ಮೈಕ್ ಮೇಡಂ ಅವಳ ಕೈ ಹಿಡಿದು ಮೇಲೆತ್ತಿದಳು. ಅವಳ ಹಿಂದೆ ಸಾಲು ಹುಟ್ಟಿತು. ಸಾಲು ಬೆಳೆದು ಹಾಲಿನ ಬಾಗಿಲು ದಾಟಿತು.

ಗದ್ದಲದಲ್ಲಿ ಮೈಕ್ ಮೇಡಂ ಅವನ ಕಿವಿಯ ಹತ್ತಿರ ಬಂದಳು. ಕೆಲಸ ಹೋಯಿತು ಎಂದು ಅವನು ಎದೆ ಗಟ್ಟಿ ಮಾಡಿಕೊಂಡ.

“ಪರವಾಗಿಲ್ಲ. ಚೆನ್ನಾಗೇ ಆಯ್ತು. ನಾಳೆ ಇನ್ನೊಂದು ಕಾಲೇಜಿದೆ. ಅಲ್ಲೂ ಹೀಗೇ ತಲೆ ತೆಗೀರಿ, ಬಯ್ಯಿರಿ. ಆ ಬೆರಳಿನ ವಿಷಯ ಮಾತ್ರ ಬಿಟ್ಟುಬಿಡಿ, ಸ್ವಲ್ಪ ಜಾಸ್ತಿ ಆಗುತ್ತೆ. ಏನೇನು ಬಯ್ಬೇಕು ಅಂತ ನಾನು ಹೇಳ್ಕೊಡ್ತೀನಿ. ಈಗ ತಲೆ ಹಾಕ್ಕೊಳ್ಳಿ.”

ಅವನು ತಲೆಯನ್ನು ಎರಡೂ ಪಂಜದಲ್ಲಿ ಹಿಡಿದು ನೋಡಿದ. ಅದು ನಗುತ್ತಿತ್ತು.

“ನೀವೇ ಹಾಕ್ಕೊಳ್ಳಿ” ಎಂದ. ಅದನ್ನು ಅವಳ ಎದೆಗೆ ತುರುಕಿದ. ಅವಳು ಮುಗ್ಗರಿಸಿ ಮೆತ್ತೆಯ ಮೇಲೆ ಕುಳಿತಳು. ಅವನು ಸಾಲನ್ನು ಸೀಳಿಕೊಂಡು ಹೊರಗೆ ನಡೆದ.

ವ್ಯಾನಿಗೆ ಬೀಗ ಹಾಕಿತ್ತು. ಅಂಗಿ ಒಳಗೆ, ಚಪ್ಪಲಿ ಒಳಗೆ, ಬಸ್ಸಿನ ಕಾಸೂ ಒಳಗೆ. ಜಿಪ್ಪು ಬೆನ್ನಿಗೆ. ಅದನ್ನು ಇಳಿಸಲು ಗೇಟಿನ ಕಾವಲುಗಾರನನ್ನು ಕೇಳಿದ. “ಕಂಪನಿ ಸಾಮಾನು, ನಾನ್ಯಾಕೆ ಮುಟ್ಲಿ?” ಎಂದು ಅವನು ಮುಖ ತಿರುಗಿಸಿದ. ಗೋಡೆಯಣ್ಣ ಹಾಗೇ ನಡೆದ. ಸುಡುವ ಬಿಸಿಲು. ತಲೆಯಿಲ್ಲದ ಕರಡಿ ರಸ್ತೆಯಲ್ಲಿ ಹೋಗುತ್ತಿದ್ದರೆ ಜನ ಅಂಗಡಿಗಳಿಂದ ಹೊರಗೆ ಬಂದು ನೋಡಿದರು. ಸ್ಕೂಟರಿನವನೊಬ್ಬ ನಿಲ್ಲಿಸಿ, “ಏನಣ್ಣ, ಕಾಡು ಯಾವ ಕಡೆ ಅಂತ ಮರೆತುಹೋಯ್ತಾ?” ಎಂದು ಕೇಳಿ ಹೋದ. ಗೋಡೆಯಣ್ಣನಿಗೆ ಸಿಟ್ಟೂ ಬರಲಿಲ್ಲ. ಬಾಲ ಕಾಲಿಗೆ ತೊಡರುತ್ತಿತ್ತು.

ಹಿಂದಿನಿಂದ ಓಡುವ ಹೆಜ್ಜೆ ಕೇಳಿಸಿತು.

“ನಿಲ್ಲು ಮಾವ.”

ಅವನು ನಿಂತ. ತಿರುಗಲಿಲ್ಲ. ಮರಿ ಒಂದು ಮುಚ್ಚಿದ ಅಂಗಡಿಯ ಮರೆಗೆ ಅವನನ್ನು ಎಳೆದುಕೊಂಡು ಹೋಗಿ ಜಿಪ್ಪು ಇಳಿಸಿದಳು. ಅದು ಬೆವರಿಗೆ ತುಕ್ಕು ಹಿಡಿದು ಅರ್ಧಕ್ಕೆ ಸಿಕ್ಕಿಕೊಂಡಿತು. ಹಲ್ಲು ಕಚ್ಚಿ ಎಳೆದಳು. ಒಳಗಿನ ವಾಸನೆ ಮುಖಕ್ಕೆ ಬಡಿದರೂ ಹಿಂದೆ ಸರಿಯಲಿಲ್ಲ. ಬನಿಯನ್ನು ಬೆನ್ನಿಗೆ ಅಂಟಿತ್ತು. ಅದನ್ನು ಬಿಡಿಸಿದರೆ ಬೆನ್ನ ತುಂಬ ಬೆವರುಗುಳ್ಳೆ. ಕೆಲವು ಒಡೆದು ಕೀವಾಗಿದ್ದವು.

“ಎಷ್ಟು ದಿನದಿಂದ?” ಎಂದಳು.

“ಶೆಡ್ಡಿನವರನ್ನ ಕಳಿಸಿದಾಗಿನಿಂದ.”

“ಅಮ್ಮ ದಿನಾ ಅಂಗಿಗೆ ಇಸ್ತ್ರಿ ಹಾಕ್ತಾಳೆ.”

“ಗೊತ್ತು.”

“ನಾನು ಗೆಳತಿಯರಿಗೆಲ್ಲ ಹೇಳ್ಕೊಂಡು ಬಂದೆ. ನಮ್ಮ ಮಾವ ಆಫೀಸರ್ ಅಂತ.”

ಅವನು ಕರಡಿಯ ಚರ್ಮದಿಂದ ಕಾಲು ಹೊರಗೆ ತೆಗೆದು, ಅಂಗಡಿಯ ಮೆಟ್ಟಿಲ ಮೇಲೆ ಚಡ್ಡಿಯಲ್ಲಿ ಕುಳಿತ. ಅವಳು ತನ್ನ ದುಪಟ್ಟಾ ಅವನ ಹೆಗಲಿಗೆ ಹೊದಿಸಿ ಪಕ್ಕದಲ್ಲಿ ಕುಳಿತಳು.

“ನಾನು ಹೇಳಿದ್ದು ನೀನು ನಂಬಲಿಲ್ಲ” ಎಂದ ಅವನು. “ಸುಳ್ಳು ಹೇಳಿದವನ ಮಾತು ಯಾಕೆ ನಂಬ್ತೀಯ ಬಿಡು.”

“ನಂಬಿದೆ ಮಾವ. ನೀನು ಬಾಯಿ ಬಿಟ್ಟ ಕೂಡಲೇ ನಂಬಿದೆ.”

“ಮತ್ತೆ ರುಜು?”

ಮರಿ ನೆಲ ನೋಡುತ್ತ ಕುಳಿತಳು. “ಪರೀಕ್ಷೆಗೆ ಕೂರಿಸಲ್ಲ ಅಂದ್ರಲ್ಲ. ಹೊಲಿದು ಹೊಲಿದು ಅಮ್ಮನ ಕಾಲು ನೋಡಿದೀಯಾ? ಇನ್ನೊಂದು ವರ್ಷ ಹೊಲಿ ಅಂತ ಅವಳಿಗೆ ಹೆಂಗೆ ಹೇಳಲಿ? ಬೇರೆ ದಾರಿ ಇದ್ರೆ ಹೇಳು. ಈಗಲೇ ಹೋಗಿ ಆ ಕಾಗದ ಹರಿದು ಬರ್ತೀನಿ. ಹೇಳು ಮಾವ.”

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ. ಲಾರಿಗಳು ಹೋದವು, ಬಂದವು. ಯಾವ ದಾರಿಯೂ ಹೊಳೆಯಲಿಲ್ಲ.

ಮರುದಿನ ಅವನು ಕೆಲಸಕ್ಕೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ತಂಗಿ ಅವನ ಬೆನ್ನಿಗೆ ಮುಲಾಮು ಹಚ್ಚಿದಳು. ಅವನು ಹೊರಗೆ ಹಾಕಿಸಿಕೊಂಡ ಹಳೆಯ ಜೊತೆಯವರ ಮನೆಗಳಿಗೆ ಹೋಗಿ ಬಂದ. ಕೆಲವರು ಬಾಗಿಲು ತೆರೆಯಲಿಲ್ಲ. ತೆರೆದವರಲ್ಲಿ ಒಬ್ಬ, “ಈಗ ನೆನಪಾಯ್ತಾ ನಮ್ಮನೆ?” ಎಂದ. 

ಮರಿ ಶೆಡ್ಡಿಗೆ ಹೋಗಬೇಕಾದ ಹಿಂದಿನ ದಿನ, ಸಂಜೆಯ ಬೆಳಕಿರುವಾಗಲೇ, ಅವನು ನೀರು ತುಂಬಿದ ದೊಡ್ಡ ಕ್ಯಾನನ್ನು ಮನೆಯ ನಡುವೆ ತಂದಿಟ್ಟ.

“ಬಾ ಇಲ್ಲಿ. ಇದನ್ನ ಎತ್ತು.”

“ಯಾಕೆ ಮಾವ?”

“ಎತ್ತು ಅಂದ್ರೆ ಎತ್ತು.”

ಅವಳು ಬಗ್ಗಿ ಎತ್ತಿದಳು.

“ಹಾಗಲ್ಲ! ಸೊಂಟ ಬಗ್ಗಿಸಬೇಡ, ಒಂದೇ ವಾರಕ್ಕೆ ಹಿಡ್ಕೊಳ್ಳುತ್ತೆ. ಮಂಡಿ ಮಡಚು. ಕುಕ್ಕರಗಾಲಲ್ಲಿ ಕೂತು ಎದೆಗೆ ಒತ್ಕೋ. ಈಗ ಕಾಲಿಂದ ಏಳು. ಉಗುರು ಕತ್ತರಿಸಿದೀಯಾ? ಬೆರಳಿಗೆ ಬಟ್ಟೆ ಸುತ್ಕೋ, ರಟ್ಟಿನ ಅಂಚು ಬ್ಲೇಡು ಇದ್ದಂಗೆ. ಪಟ್ಟಿ ಕತ್ತರಿಸುವಾಗ ಮುಖ ಆ ಕಡೆ ತಿರುಗಿಸು, ಕಣ್ಣಿಗೆ ಹೊಡೆಯುತ್ತೆ. ನಿದ್ದೆ ಬಂದ್ರೆ ಉರುಳೆ ಹತ್ರ ನಿಲ್ಲಬೇಡ. ಬಯ್ದರೆ ಬಯ್ಯಲಿ. ಹೊಡೆದರೂ ನಿಲ್ಲಬೇಡ. ಕೇಳಿಸ್ತಾ?”

“ಕೇಳಿಸ್ತು ಮಾವ.”

“ಇನ್ನೊಂದ್ಸಲ ಎತ್ತು.”

ತಂಗಿಯ ಹೊಲಿಗೆಯಂತ್ರ ನಿಂತಿತ್ತು. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಇಬ್ಬರನ್ನೂ ನೋಡುತ್ತಿದ್ದಳು.

ಮರಿ ಮಂಡಿ ಮಡಚಿ ಕುಳಿತಳು. ಕ್ಯಾನನ್ನು ಎದೆಗೆ ಒತ್ತಿಕೊಂಡು ಬೆನ್ನು ನೆಟ್ಟಗಿಟ್ಟು ಕಾಲಿಂದ ಎದ್ದಳು. ನೀರು ಒಂದು ಹನಿಯೂ ತುಳುಕಲಿಲ್ಲ. ಶೆಡ್ಡಿನಲ್ಲಿ ದೊಡ್ಡ ದೊಡ್ಡ ಗಂಡಸರಿಗೆ ಇದು ಬರಲು ತಿಂಗಳು ಹಿಡಿಯುತ್ತಿತ್ತು. ಅವಳು ಬುದ್ಧಿವಂತೆ. ತೋರಿಸಿದ್ದನ್ನು ತಕ್ಷಣ ಕಲಿಯುತ್ತಿದ್ದಳು.

“ಈಗ ಸರಿಯಾಯ್ತಾ ಮಾವ?”

ಸರಿಯಾಗಿತ್ತು. ಅವನು ಹೌದೆನ್ನಲು ಬಾಯಿ ತೆರೆದ. ಆಗಲಿಲ್ಲ. ಅವಳು ಭಾರ ಹೊತ್ತುಕೊಂಡು ಅವನ ಮುಖ ನೋಡುತ್ತ ನಿಂತೇ ಇದ್ದಳು.